ಲೈನ್ ಸೇರಿಸಿದ ಮೇಲೆ

ಫೋನಕ್ಕ ಹೋದ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಮನೆಯಲ್ಲೇ, ತನ್ನ ಮಂಚದಲ್ಲೇ. ಹೃದಯ ಸೋತಿದೆ ಎಂದು ಡಾಕ್ಟರು ಅವಳ ಮಗಳಿಗೆ ಹೇಳಿದ್ದರು, ಮಗಳು ನನಗೆ ಹೇಳಿದ್ದಳು, ನಾವಿಬ್ಬರೂ ಸೇರಿ ಅವಳಿಂದ ಮುಚ್ಚಿಟ್ಟಿದ್ದೆವು. ಅವಳಿಗೆ ನಮಗಿಂತ ಮೊದಲೇ ಗೊತ್ತಿತ್ತು. ಮಗಳು ಟೀ ತೆಗೆದುಕೊಂಡು ಕೋಣೆಗೆ ಹೋದಾಗ ಫೋನು ದಿಂಬಿನ ಕೆಳಗಿತ್ತಂತೆ. ಲೈನು ಇನ್ನೂ ಕಟ್ಟಾಗಿರಲಿಲ್ಲ. ಆ ಲೈನಿನಲ್ಲಿ ಮಾತಾಡುತ್ತಿದ್ದ ಇಬ್ಬರಲ್ಲಿ ನಾನೊಬ್ಬಳು.

ಪತ್ರಿಕೆಗೆ ಕೊಡಲು ನಾಲ್ಕು ಸಾಲು ಬರೆದುಕೊಡಿ ಎಂದು ಮಗಳು ಕೇಳಿದಳು. ‘ನಿವೃತ್ತ ಟೆಲಿಫೋನ್ ಆಪರೇಟರ್. ವೃದ್ಧ ಸೈನಿಕರ ಸೇವೆಯಲ್ಲಿ ತೊಡಗಿದ್ದರು’ ಎಂದು ಬರೆದುಕೊಟ್ಟೆ. ಸುಳ್ಳೇನಲ್ಲ. ಆದರೆ ಓದಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಬೆಳಿಗ್ಗೆ ಎದ್ದು ಮುದುಕರ ಹತ್ತಿರ ಬೈಸಿಕೊಳ್ಳುವುದಕ್ಕೆ ಸೇವೆ ಅಂತ ಯಾವಾಗಿನಿಂದ ಹೆಸರು ಬಂತು ಎಂದು ಕೇಳುತ್ತಿದ್ದಳು. ಆ ನಾಲ್ಕು ಸಾಲಿನಲ್ಲಿ ಹಿಡಿಯದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಕ್ಸ್‌ಚೇಂಜಿನಲ್ಲಿ ನಾನು ಅವಳ ಪಕ್ಕದ ಕುರ್ಚಿಯವಳು. ಆ ಕೋಣೆ ಹೇಗಿತ್ತೆಂದು ಈಗಿನವರಿಗೆ ಹೇಳುವುದು ಕಷ್ಟ. ಗೋಡೆಯುದ್ದಕ್ಕೂ ಮರದ ಬೋರ್ಡು, ಬೋರ್ಡಿನ ತುಂಬಾ ಜೇನುಗೂಡಿನ ಹಾಗೆ ತೂತುಗಳು, ಒಂದೊಂದು ತೂತೂ ಊರಿನ ಒಂದೊಂದು ಮನೆ ಅಥವಾ ಅಂಗಡಿ. ಅಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಇಲ್ಲಿ ಪುಟ್ಟ ದೀಪ ಹತ್ತುತ್ತಿತ್ತು. ಮೇಜಿನಿಂದ ಒಂದು ವೈರು ಎಳೆದು ಆ ತೂತಿಗೆ ಸಿಕ್ಕಿಸಿ ಯಾರು ಬೇಕೆಂದು ಕೇಳುವುದು, ಅದರ ಜೋಡಿ ವೈರನ್ನು ಅವರು ಹೇಳಿದ ತೂತಿಗೆ ಸಿಕ್ಕಿಸುವುದು, ಗಂಟೆ ಬಾರಿಸುವುದು, ಆ ಕಡೆಯವರು ಎತ್ತಿಕೊಂಡ ಮೇಲೆ ‘ಮಾತಾಡಿ’ ಅನ್ನುವುದು. ಅಷ್ಟು ಹೇಳಿದ ಕೂಡಲೇ ಮುಂದಿದ್ದ ಸಣ್ಣ ಕೀಲಿಯನ್ನು ಹಿಂದಕ್ಕೆ ತಳ್ಳಬೇಕು. ತಳ್ಳಿದರೆ ನಾವು ಲೈನಿನಿಂದ ಆಚೆ. ತಳ್ಳದಿದ್ದರೆ ಊರಿನ ಗುಟ್ಟೆಲ್ಲ ನಮ್ಮ ಕಿವಿಯೊಳಗೆ.

ಕೇಳಬಾರದು ಎನ್ನುವುದು ನಿಯಮ. ಸೇರಿಸುವುದಷ್ಟೇ ನಿಮ್ಮ ಕೆಲಸ, ಕೇಳುವುದಲ್ಲ ಎಂದು ನಮ್ಮ ಸೂಪರ್‌ವೈಸರ್ ಬೆನ್ನ ಹಿಂದೆ ಓಡಾಡಿಕೊಂಡು ಹೇಳುತ್ತಲೇ ಇರುತ್ತಿದ್ದರು. ಅವರ ಚಪ್ಪಲಿ ಸದ್ದು ದೂರವಾದ ಕೂಡಲೇ ನಮ್ಮಲ್ಲಿ ಬಹಳ ಜನರ ಕೀಲಿ ಮುಂದಕ್ಕೆ ಬರುತ್ತಿತ್ತು. ಅವಳದ್ದು ಮಾತ್ರ ಬರುತ್ತಿರಲಿಲ್ಲ. ಅವಳ ಮದುವೆ ಮಾತುಕತೆ ನಡೆದದ್ದು ಅವಳದೇ ಬೋರ್ಡಿನಲ್ಲಿ. ಹುಡುಗನ ತಂದೆ ಇವಳ ತಂದೆಯ ಅಂಗಡಿಗೆ ಫೋನು ಮಾಡಿದರು. ಇವಳೇ ಎತ್ತಿದಳು, ದನಿ ಗುರುತು ಹಿಡಿದಳು, ಸೇರಿಸಿದಳು, ‘ಮಾತಾಡಿ’ ಅಂದಳು, ಕೀಲಿ ಹಿಂದಕ್ಕೆ ತಳ್ಳಿ ಮುಂದಿನ ದೀಪಕ್ಕೆ ಹೋದಳು. ಮದುವೆ ಗೊತ್ತಾಗಿದೆ ಎಂದು ಅವಳಿಗೆ ತಿಳಿದದ್ದು ಸಂಜೆ ಮನೆಗೆ ಹೋದ ಮೇಲೆ. ಒಂದೇ ಒಂದು ಮಾತಾದರೂ ಕೇಳಬಾರದಿತ್ತಾ ಎಂದು ನಾನು ಮರುದಿನ ಬೈದೆ.

“ಕೇಳಿದ್ರೆ ಒಪ್ತಿರ್ಲಿಲ್ಲ ಬಿಡು” ಅಂದಳು.

ಅವಳಿಗೊಬ್ಬ ಅಣ್ಣನಿದ್ದ. ದೊಡ್ಡಣ್ಣ ಎಂದೇ ಕರೆಯುತ್ತಿದ್ದಳು. ಯುದ್ಧದಲ್ಲಿ ಸತ್ತ. ಆಗ ಅವನಿಗೆ ಸರಿಯಾಗಿ ಮೀಸೆ ಕೂಡ ಬಂದಿರಲಿಲ್ಲ, ಇವಳು ಎರಡು ಜಡೆಯ ಹುಡುಗಿ. ಅವನದು ಫೋನಿನ ತಂತಿ ಎಳೆಯುವ ದಳ. ಮುಂದಿನ ಕಾವಲು ನೆಲೆಗಳಿಗೂ ಹಿಂದಿನ ಠಾಣೆಗೂ ನಡುವೆ ನೆಲದ ಮೇಲೆ ತಂತಿ ಹಾಯಿಸಿ, ಪ್ರತಿದಿನ ಬೆಳಿಗ್ಗೆ ಒಂದೊಂದು ನೆಲೆಗೂ ಗಂಟೆ ಬಾರಿಸಿ ‘ಲೈನ್ ಹೇಗಿದೆ?’ ಎಂದು ಕೇಳುತ್ತಿದ್ದರಂತೆ. ‘ಲೈನ್ ಸರಿಯಾಗಿದೆ’ ಎಂದು ಉತ್ತರ ಬರಬೇಕು. ಬರದಿದ್ದರೆ ತಂತಿ ಎಲ್ಲೋ ತುಂಡಾಗಿದೆ. ಆಗ ಒಬ್ಬ ಹೊರಟು, ತಂತಿಯನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದು ಅದರ ಜೊತೆಗೇ ನಡೆಯುತ್ತಾ, ತುಂಡು ಸಿಕ್ಕಿದ ಕಡೆ ಕೂತು, ಗಂಟು ಹಾಕಿ, ಕೈಯಲ್ಲಿದ್ದ ಚಿಕ್ಕ ಫೋನನ್ನು ತಂತಿಗೆ ಸಿಕ್ಕಿಸಿ ಠಾಣೆಗೆ ಹೇಳಬೇಕು. ರಜೆಗೆ ಬಂದಾಗ ದೊಡ್ಡಣ್ಣ ಬಚ್ಚಲುಮನೆಯ ಬಾಗಿಲು ಬಡಿದು “ಲೈನ್ ಹೇಗಿದೆ?” ಅನ್ನುತ್ತಿದ್ದನಂತೆ. ಒಳಗಿನಿಂದ ಇವಳು “ಲೈನ್ ಸರಿಯಾಗಿದೆ, ನೀರು ತಣ್ಣಗಿದೆ” ಎಂದು ಕೂಗುತ್ತಿದ್ದಳಂತೆ. ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ್ದು ಅದಕ್ಕೇ ಏನು ಎಂದು ಒಮ್ಮೆ ಕೇಳಿದ್ದೆ. ಫ್ಯಾನಿನ ಕೆಳಗೆ ಕೂರಿಸುತ್ತಾರೆ ಅಂತ ಸೇರಿದೆ ಅಂದಿದ್ದಳು.

ಆ ದಳದಲ್ಲಿ ದೊಡ್ಡಣ್ಣನ ಜೊತೆ ಒಂದೇ ಠಾಣೆಯಲ್ಲಿದ್ದ ಇಬ್ಬರು ಯುದ್ಧದಿಂದ ವಾಪಸು ಬಂದಿದ್ದರು. ಒಬ್ಬರು ಉದ್ದಕ್ಕಿದ್ದರು, ಅವರು ಕಂಬಣ್ಣ. ಇನ್ನೊಬ್ಬರು ಗಿಡ್ಡ, ಬೆನ್ನ ಮೇಲೆ ತಂತಿಯ ಸುರುಳಿ ಹೊರುತ್ತಿದ್ದವರು, ಅವರು ಸುರುಳಣ್ಣ. ಹೆಸರಿಟ್ಟದ್ದು ದಳದವರು. ಇಬ್ಬರೂ ದೊಡ್ಡಣ್ಣನ ತಾಯಿಯನ್ನು ನೋಡಲು ಬರುತ್ತಿದ್ದರು, ಆಕೆ ಹೋದ ಮೇಲೆ ತಂಗಿಯನ್ನು ನೋಡಲು ಬರುತ್ತಿದ್ದರು. ಜೊತೆಯಲ್ಲಿ ಮಾತ್ರ ಯಾವತ್ತೂ ಬರಲಿಲ್ಲ. ಯುದ್ಧ ಮುಗಿದ ಮೇಲೆ ಅವರಿಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡಿರಲಿಲ್ಲ.

ಕಾರಣ ಇಷ್ಟು. ಕೊನೆಯ ದಿನ ದೊಡ್ಡಣ್ಣ ತುಂಡಾದ ತಂತಿ ಹುಡುಕಿಕೊಂಡು ಹೋದ. ಸಿಕ್ಕಿತು. ಗಂಟು ಹಾಕಿದ. ಅಲ್ಲಿಂದಲೇ ಫೋನು ಮಾಡಿ ಲೈನ್ ಸರಿಯಾಗಿದೆ ಅಂದ. ಠಾಣೆಯಲ್ಲಿ ಫೋನು ಹಿಡಿದಿದ್ದವರು “ಹಾಗಾದ್ರೆ ಬಾ” ಅಂದರು. ಕತ್ತಲಾಗುವವರೆಗೆ ಅಲ್ಲೇ ಮಲಗಿರು ಅನ್ನಬೇಕಿತ್ತು. ಅವನು ಎದ್ದು ಬಂದ. ಹಗಲು ಬೆಳಕಿನಲ್ಲಿ ಗುಂಡು ತಗುಲಿತು. ಆ ‘ಬಾ’ ಅಂದವರು ಯಾರು? ಸುರುಳಿ ಎಂದು ಕಂಬಣ್ಣ ಹೇಳುತ್ತಿದ್ದರು. ಕಂಬ ಎಂದು ಸುರುಳಣ್ಣ ಹೇಳುತ್ತಿದ್ದರು. ಠಾಣೆಯಲ್ಲಿ ಆಗ ಇದ್ದದ್ದು ಇವರಿಬ್ಬರೇ. ಒಂದು ಭಾನುವಾರ ಒಬ್ಬರು ಬಂದು ಇವಳೆದುರು ಕೂತು ಕಣ್ಣೊರೆಸಿಕೊಂಡು ಹೋದರೆ, ಇನ್ನೊಂದು ಭಾನುವಾರ ಇನ್ನೊಬ್ಬರು. ಇಬ್ಬರಿಗೂ ಟೀ ಕೊಡುತ್ತಿದ್ದಳು. ಅವರು ಹೋದ ಮೇಲೆ ನನ್ನ ಹತ್ತಿರ ಬರುತ್ತಿದ್ದಳು. ಜೀವನದಲ್ಲಿ ಅವಳು ನನ್ನೆದುರು ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ಒಂದೇ. ಸಾಯುವುದರೊಳಗೆ ಅದು ಯಾರು ಅಂತ ಗೊತ್ತಾಗಬೇಕು ಕಣೇ ಅನ್ನುತ್ತಿದ್ದಳು.

ನಾವು ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ ಕಂಬಣ್ಣ ಬಚ್ಚಲಲ್ಲಿ ಜಾರಿ ಬಿದ್ದರು. ಒಂಟಿ ಮನುಷ್ಯ. ಕೆಲಸದವಳು ಮರುದಿನ ಬಂದು ನೋಡುವವರೆಗೆ ಅಲ್ಲೇ ಬಿದ್ದಿದ್ದರು. ಅವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಇವಳು ಶುರು ಮಾಡಿದಳು. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಫೋನು. “ಲೈನ್ ಹೇಗಿದೆ ಅಣ್ಣಾ?” ಆ ಕಡೆಯಿಂದ, “ಲೈನ್ ಸರಿಯಾಗಿದೆ, ತಂಗಿ.” ಸುರುಳಣ್ಣನಿಗೂ ಹಾಗೇ. ಸುದ್ದಿ ಹಬ್ಬಿ ಅವರ ದಳದ ಬೇರೆ ಮುದುಕರೂ ಸೇರಿಕೊಂಡರು. ಒಂದು ಕಾಲಕ್ಕೆ ಡಜನ್ನಿನಷ್ಟು ಜನರಿದ್ದರು. ಫೋನಕ್ಕ ಎಂಬ ಹೆಸರು ಬಂದದ್ದು ಆಗಲೇ.

ನಾನು ಸುಮ್ಮನಿರಲಾಗದೆ ಸೇರಿದೆ. ಬೀದಿಯ ಔಷಧಿ ಅಂಗಡಿಯ ಕಂಪೌಂಡರ್ ಸೇರಿದ. ಯಾರಾದರೂ ಉತ್ತರ ಕೊಡದಿದ್ದರೆ ಸ್ಕೂಟರ್ ಹತ್ತಿ ಅವರ ಮನೆಗೆ ಓಡುವುದು ಅವನ ಕೆಲಸ. ಅದಕ್ಕೆ ನಾವು ‘ತಂತಿ ಹಿಡಿದು ಹೋಗುವುದು’ ಅನ್ನುತ್ತಿದ್ದೆವು. ಒಂದು ದಿನ ಕಂಬಣ್ಣ ಎತ್ತಲಿಲ್ಲ. ಕಂಪೌಂಡರ್ ಹೋದ, ಬಾಗಿಲು ಬಡಿದ, ಅಕ್ಕಪಕ್ಕದವರನ್ನು ಕರೆದ, ಕೊನೆಗೆ ಬಾಗಿಲಲ್ಲೇ ಕೂರಿಸಿದ್ದ ಬೀಗ ಒಡೆದು ಒಳಗೆ ನುಗ್ಗಿದ. ಮನೆ ಖಾಲಿ. ಕಂಬಣ್ಣ ಮೂಲೆಯ ಕ್ಷೌರದಂಗಡಿಯಲ್ಲಿ ಮುಖದ ತುಂಬ ಸೋಪು ಹಚ್ಚಿಸಿಕೊಂಡು ಕೂತಿದ್ದರು. ಅರ್ಧ ಗಡ್ಡದಲ್ಲೇ ಎದ್ದು ಬಂದು, ಮುರಿದ ಬಾಗಿಲಲ್ಲಿ ನಿಂತು ಇವಳಿಗೆ ಫೋನು ಮಾಡಿದರು.

“ಏನಮ್ಮಾ, ಇನ್ಮೇಲೆ ಗಡ್ಡ ಹೆರೆಸೋಕೂ ನಿನ್ನ ಅಪ್ಪಣೆ ಬೇಕಾ?”

“ಬೇಕು. ಸಾಯೋಕೂ ಬೇಕು. ಹೇಳದೆ ಹೋದ್ರೆ ನೋಡಿ.”

ಬೀಗ ಕಂಪೌಂಡರ್ ಹಾಕಿಸಿಕೊಟ್ಟ. ಆಮೇಲೆ ಎಲ್ಲರ ಮನೆಯದೂ ಒಂದೊಂದು ಬೀಗದಕೈ ಅವನ ಅಂಗಡಿಯ ಮೊಳೆಗೆ ಬಂತು.

ನಮ್ಮಲ್ಲಿ ಇನ್ನೊಬ್ಬರು ಮೇಷ್ಟ್ರು. ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ವಾಚನಾಲಯದ ಹಿಂದಿನ ಒಂದು ಕೋಣೆಯನ್ನು ಬೇಡಿ ಪಡೆದು ಈ ಮುದುಕರ ಸಾಮಾನುಗಳನ್ನು ಅಲ್ಲಿ ಜೋಡಿಸುತ್ತಿದ್ದರು. ತಂತಿ ಸುತ್ತುವ ಉರುಳೆ, ತೂತು ಬಿದ್ದ ನೀರಿನ ಡಬ್ಬಿ, ಒಂದೇ ಕಾಲಿನ ಬೂಟು. ಫೋಟೋಗಳ ಕೆಳಗೆ ಒಂದೊಂದು ಚೀಟಿ ಅಂಟಿಸಿ ಯಾರು, ಎಲ್ಲಿ, ಏನಾಯಿತು ಎಂದು ಬರೆಯುತ್ತಿದ್ದರು. ಮುದುಕರನ್ನು ಕೂರಿಸಿ ರೆಕಾರ್ಡರ್ ಮುಂದಿಟ್ಟು ಅವರ ಮಾತನ್ನು ಹಿಡಿದಿಡುತ್ತಿದ್ದರು. ದೊಡ್ಡಣ್ಣನ ಫೋಟೋ ಗೋಡೆಯ ನಡುವಿತ್ತು. ಅದರ ಕೆಳಗಿನ ಚೀಟಿ ಮಾತ್ರ ಖಾಲಿ. ಎರಡು ಕಥೆ ಇರುವಾಗ ಯಾವುದನ್ನು ಬರೆಯಲಿ ಎಂದು ಮೇಷ್ಟ್ರು ಕೇಳುತ್ತಿದ್ದರು. ಕಂಬಣ್ಣ, ಸುರುಳಣ್ಣ ಇಬ್ಬರೂ ಆ ಕೋಣೆಗೆ ಬರುತ್ತಿದ್ದರು, ಬೇರೆ ಬೇರೆ ವಾರ. ಆ ಖಾಲಿ ಚೀಟಿಯ ಮುಂದೆ ಇಬ್ಬರೂ ನಿಲ್ಲುತ್ತಿರಲಿಲ್ಲ.

ಡಜನ್ನು ಇದ್ದವರು ವರ್ಷ ಕಳೆದ ಹಾಗೆ ಕರಗಿದರು. ಯಾರಾದರೂ ಹೋದಾಗ ಇವಳು ಎರಡು ದಿನ ಸಪ್ಪಗಿರುತ್ತಿದ್ದಳು, ಮೂರನೆಯ ದಿನ ನನ್ನ ಮನೆಗೆ ಬಂದು ಆ ಮನುಷ್ಯನ ಹಾಗೆ ‘ಲೈನ್ ಸರಿಯಾಗಿದೆ’ ಎಂದು ಅನುಕರಿಸಿ ತೋರಿಸಿ ನಗಿಸುತ್ತಿದ್ದಳು. ಒಬ್ಬರು ಕೆಮ್ಮಿಕೊಂಡು ಹೇಳುತ್ತಿದ್ದರು, ಒಬ್ಬರು ಪಕ್ಕದಲ್ಲಿದ್ದ ಹೆಂಡತಿಗೆ ಬೈಯುತ್ತಾ ಹೇಳುತ್ತಿದ್ದರು. ಅವೆಲ್ಲ ಅವಳ ಗಂಟಲಲ್ಲಿದ್ದವು. ಈಗ ಬರೆಯುವಾಗ ಅನಿಸುತ್ತದೆ, ಮೇಷ್ಟ್ರು ಅವನ್ನೂ ರೆಕಾರ್ಡ್ ಮಾಡಬೇಕಿತ್ತು.

ಕೊನೆಗೆ ಉಳಿದದ್ದು ಕಂಬ ಮತ್ತು ಸುರುಳಿ. ಇಬ್ಬರೂ ಹಾಸಿಗೆ ಹಿಡಿದಿದ್ದರು, ಊರಿನ ಆ ತುದಿಯಲ್ಲೊಬ್ಬರು, ಈ ತುದಿಯಲ್ಲೊಬ್ಬರು. ಬೆಳಗಿನ ಫೋನು ಮುಗಿಯುವ ಹೊತ್ತಿಗೆ ಇಬ್ಬರದೂ ಒಂದೇ ಪ್ರಶ್ನೆ.

“ಅವನು ಇದಾನಾ?”

“ಇದಾರೆ ಅಣ್ಣ.”

“ಹೂಂ.”

ಅಷ್ಟೇ. ವರ್ಷಗಟ್ಟಲೆ ಇದೇ ನಡೆಯಿತು. ಆ ‘ಹೂಂ’ಗೋಸ್ಕರ ಇಬ್ಬರೂ ಬದುಕಿದ್ದಾರೆ, ಒಬ್ಬನನ್ನು ಒಬ್ಬ ಮೊದಲು ಕಳಿಸಬೇಕು ಎಂದು ಹಠ ಹಿಡಿದಿದ್ದಾರೆ ಎಂದು ಅವಳು ನಗುತ್ತಿದ್ದಳು. ಆಮೇಲೆ ಒಂದು ದಿನ ಕಂಬಣ್ಣ ‘ಹೂಂ’ ಅನ್ನಲಿಲ್ಲ. ತಂಗಿ, ಅವನಿಗೊಂದು ಲೈನ್ ಕೊಡು ಅಂದರು.

ಸುರುಳಣ್ಣ ಮೊದಲು ಬಿಲ್‌ಕುಲ್ ಆಗದು ಎಂದರು. ಆಮೇಲೆ ಅವನೇ ಕೇಳಿದ್ನಾ ಎಂದು ಎರಡೆರಡು ಸಲ ಕೇಳಿದರು. ಆಮೇಲೆ ಅವನೇ ಮೊದಲು ಮಾತಾಡಬೇಕು ಎಂದು ಷರತ್ತು ಹಾಕಿದರು. ಮೇಷ್ಟ್ರಿಗೆ ಸುದ್ದಿ ಹೋಯಿತು. ಖಾಲಿ ಚೀಟಿ ತುಂಬುವ ದಿನ ಬಂತು ಎಂದು ರೆಕಾರ್ಡರ್‌ಗೆ ಹೊಸ ಬ್ಯಾಟರಿ ಹಾಕಿಕೊಂಡು ಬಂದರು. ನಾನೂ ಹೋದೆ. ಅವಳ ಮುಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಮಣೆಯೊಂದರ ಮೇಲೆ ಅವಳ ಮೊಬೈಲು, ಪಕ್ಕದಲ್ಲಿ ರೆಕಾರ್ಡರು, ಸುತ್ತ ನಾವು ಮೂವರು. ಅವಳು ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟಿದ್ದಳು. ಇಷ್ಟು ವರ್ಷ ಕಾದದ್ದು ಈಗ ಈ ಕೋಣೆಗೆ ಬರಲಿದೆ ಎಂದು ನಾನೂ ಹತ್ತಿರ ಸರಿದು ಕೂತೆ.

ಒಬ್ಬರಿಗೆ ಫೋನು ಮಾಡಿದಳು, ಕಾಯಿರಿ ಎಂದಳು. ಇನ್ನೊಬ್ಬರಿಗೆ ಮಾಡಿದಳು. ಎರಡನ್ನೂ ಸೇರಿಸುವುದು ಹೇಗೆಂದು ಮಗಳು ಕಲಿಸಿಕೊಟ್ಟಿದ್ದಳು. ಸ್ಪೀಕರಿನಲ್ಲಿ ಎರಡು ಉಸಿರು ಕೇಳಿಸಿದವು.

“ಲೈನ್ ಹೇಗಿದೆ?” ಕಂಬಣ್ಣ.

“ಗೊರಗೊರ ಅಂತಿದೆ. ಲೈನೋ ನಿನ್ನ ಗಂಟಲೋ ಗೊತ್ತಾಗ್ತಿಲ್ಲ.”

ಅವಳು ಸೆರಗನ್ನು ಬಾಯಿಗೆ ಒತ್ತಿ ನಕ್ಕಳು. ಆಮೇಲೆ ನೇರ ಕೂತು, ಎಕ್ಸ್‌ಚೇಂಜಿನ ಆ ಹಳೆಯ ದನಿಯಲ್ಲಿ, ನಾನು ಎಷ್ಟೋ ಕಾಲದಿಂದ ಕೇಳಿರದ ದನಿಯಲ್ಲಿ “ಮಾತಾಡಿ” ಅಂದಳು. ಅವಳ ಬಲಗೈ ಮುಂದೆ ಹೋಯಿತು. ಸ್ಪೀಕರ್ ಆರಿಸಿತು. ಫೋನನ್ನು ಬೋರಲಾಗಿ ಇಟ್ಟು, ಕುರ್ಚಿಯ ಮೇಲಿದ್ದ ದಿಂಬನ್ನು ಎತ್ತಿ ಅದರ ಮೇಲೆ ಇಟ್ಟಿತು. ಆ ಕೈ ಏನು ಮಾಡುತ್ತಿದೆ ಎಂದು ನಾನು ಬಲ್ಲೆ. ಅದು ಕೀಲಿಯನ್ನು ಹಿಂದಕ್ಕೆ ತಳ್ಳುತ್ತಿತ್ತು.

ಮೇಷ್ಟ್ರು ಅರ್ಧ ಎದ್ದರು. ಏನಮ್ಮಾ ಇದು, ಇದಕ್ಕೇ ಅಲ್ಲವೇ ನಾವು ಬಂದದ್ದು ಎಂದರು. ಅವಳು ಅವರ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು. ಲೈನ್ ಸೇರಿತು ಮೇಷ್ಟ್ರೇ, ಏಳಿ, ಟೀ ಕುಡಿಯೋಣ ಅಂದಳು. ಅಡುಗೆಮನೆಯಲ್ಲಿ ಮೂವರೂ ನಿಂತುಕೊಂಡೇ ಟೀ ಕುಡಿದೆವು. ಮೇಷ್ಟ್ರು ಲೋಟದೊಳಗೆ ನೋಡುತ್ತಾ ಕುಡಿದರು. ದಿಂಬಿನ ಕೆಳಗಿನಿಂದ ಇರುವೆ ಮಾತಾಡಿದಷ್ಟು ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಹೋಗಿ ದಿಂಬು ಎತ್ತಿ, ದೂರದೂರಿಗೆ ಟ್ರಂಕ್ ಕಾಲ್ ಸೇರಿಸುತ್ತಿದ್ದ ದಿನಗಳಲ್ಲಿ ಕೇಳುತ್ತಿದ್ದ ಹಾಗೆ ಆಯ್ತಾ, ಇನ್ನೂ ಬೇಕಾ ಎಂದು ಕೇಳಿದಳು. ಇನ್ನೂ ಬೇಕು ಎಂದವರು ಸುರುಳಣ್ಣ. ಮೂಗು ಕಟ್ಟಿದ ದನಿ. ದಿಂಬು ಮತ್ತೆ ಇಟ್ಟು ಬಂದಳು.

ರೆಕಾರ್ಡರನ್ನು ಆರಿಸುವುದು ಯಾರಿಗೂ ನೆನಪಾಗಲಿಲ್ಲ. ಆ ರೆಕಾರ್ಡು ಈಗಲೂ ಮೇಷ್ಟ್ರ ಕೋಣೆಯಲ್ಲಿದೆ. ದೂರದಲ್ಲಿ ಲೋಟಗಳ ಸದ್ದು, ಸಕ್ಕರೆ ಸಾಕಾ ಎಂದು ಅವಳು ಕೇಳುವುದು. ನನಗೆ ಉಳಿದಿರುವ ಅವಳ ದನಿ ಅದೊಂದೇ.

ಮೇಷ್ಟ್ರು ಹೋದ ಮೇಲೆ ನಾನು ಲೋಟ ತೊಳೆಯುತ್ತಾ ಕೇಳಿದೆ.

“ಬೇಕಂತಲೇ ಮಾಡ್ದೆ ತಾನೆ?”

“ಇಲ್ವೇ. ಕೈ ತಾನೇ ಹೋಯ್ತು.” ಒರೆಸಿದ ಲೋಟವನ್ನು ಬೋರಲು ಹಾಕಿದಳು. “ಆಮೇಲೆ ನಾನು ತಡೀಲಿಲ್ಲ.”

ಆ ದಿನದಿಂದ ಬೆಳಗಿನ ಫೋನಾದ ಮೇಲೆ ಇಬ್ಬರನ್ನೂ ಸೇರಿಸಿ, ಫೋನಿನ ಮೇಲೆ ದಿಂಬಿಟ್ಟು, ಬಟ್ಟೆ ಒಣಹಾಕಲು ಮಹಡಿಗೆ ಹೋಗುತ್ತಿದ್ದಳು. ಏನು ಮಾತಾಡುತ್ತಿದ್ದರೋ. ಚಳಿಗಾಲ ಮುಗಿಯುವುದರೊಳಗೆ ಕಂಬಣ್ಣ ಹೋದರು. ನಿದ್ದೆಯಲ್ಲಿ, ಅಪ್ಪಣೆ ಕೇಳದೆ. ಮರುದಿನ ಸುರುಳಣ್ಣ ಅಭ್ಯಾಸದಿಂದ ಅವನು ಇದಾನಾ ಎಂದು ಕೇಳಿದರಂತೆ. ಇಲ್ಲ ಅಣ್ಣ ಎಂದಳಂತೆ. ಹೂಂ ಎಂದರಂತೆ. ಇದನ್ನು ಹೇಳುವಾಗ ಅವಳು ಆ ‘ಹೂಂ’ ಅನ್ನು ಅನುಕರಿಸಲಿಲ್ಲ.

ಆಮೇಲೆ ಅವಳೇ ಮಲಗಿದಳು. ಮಲಗಿದಲ್ಲಿಂದಲೇ ಬೆಳಗಿನ ಫೋನು ನಡೆಯುತ್ತಿತ್ತು, ಈಗ ಒಂದೇ ಮನೆಗೆ. ಸೋಮವಾರ ಸಂಜೆ ನೋಡಲು ಹೋದಾಗ ನನ್ನನ್ನು ಮಂಚದ ಮೇಲೆ ಹತ್ತಿರ ಕೂರಿಸಿಕೊಂಡಳು. ಸುರುಳಣ್ಣ ಒಂದು ವಾರದಿಂದ ಹಠ ಹಿಡಿದಿದ್ದರಂತೆ. ನಾನೂ ಕಂಬನೂ ಅದನ್ನು ಬಗೆಹರಿಸಿಕೊಂಡೆವು, ‘ಬಾ’ ಅಂದವರು ಯಾರು ಅಂತ ಹೇಳಿಬಿಡುತ್ತೇನೆ, ಕೇಳಿಸಿಕೋ ತಂಗಿ ಅಂದರಂತೆ. ಇವಳು ಬೇಡ ಅಂದಳಂತೆ.

“ಜೀವಮಾನ ಎಲ್ಲಾ ಬೇಕು ಬೇಕು ಅಂದೆಯಲ್ಲೇ” ಎಂದೆ.

“ಅಂದೆ. ಯಾರಾದ್ರೇನು, ‘ಬಾ’ ಅಂದಿದ್ದು ತಾನೆ. ಬೈದು ಓಡಿಸಿಲ್ವಲ್ಲ. ನಾನು ಅಲ್ಲಿದ್ರೂ ಬಾ ಅಂತಲೇ ಅಂತಿದ್ದೆ.” ಉಸಿರು ತೆಗೆದುಕೊಂಡಳು. “ಯಾರು ಅಂತ ಗೊತ್ತಾದ ಮೇಲೂ ಬೆಳಿಗ್ಗೆ ಅವರಿಗೆ ಫೋನ್ ಮಾಡ್ತೀನಿ. ಆದ್ರೆ ಲೈನ್ ಹೇಗಿದೆ ಅಂತ ಈಗ ಕೇಳೋ ಹಾಗೆ ಕೇಳೋಕಾಗಲ್ಲ.”

ಹಾಗಾದರೆ ಅದು ಸುರುಳಣ್ಣನ ಜೊತೆಗೇ ಹೋಗಲಿ ಎನ್ನುತ್ತೀಯಾ ಎಂದು ಕೇಳಿದೆ. ಹೋಗಬಾರದು ಅಂದಳು. ಮೇಷ್ಟ್ರ ಚೀಟಿ ಖಾಲಿ ಇರುವುದು ಅವಳಿಗೂ ಕಣ್ಣಿಗೆ ಚುಚ್ಚುತ್ತಿತ್ತು. ಅಲ್ಲಿ ಬಂದು ನಿಂತ ಯಾರಿಗೇ ಆಗಲಿ ದೊಡ್ಡಣ್ಣ ಹೇಗೆ ಸತ್ತ ಎಂದು ತಿಳಿಯಬೇಕು. ಸುರುಳಣ್ಣನಿಗೂ ಎದೆಯ ಮೇಲಿನ ಭಾರ ಇಳಿಯಬೇಕು. ನೀನು ಕೇಳಿಸಿಕೋ, ಮೇಷ್ಟ್ರಿಗೆ ಹೇಳು, ನನಗೆ ಹೇಳಬೇಡ ಅಂದಳು.

ಸುರುಳಣ್ಣ ನನಗೆ ಹೇಳಿದ್ದು ಈಗ ಆ ಚೀಟಿಯ ಮೇಲಿದೆ. ವಾಚನಾಲಯದ ಹಿಂದಿನ ಬಾಗಿಲು ಸಂಜೆ ತೆರೆದಿರುತ್ತದೆ, ಹೋಗಿ ಓದಬಹುದು. ಇದು ಅವಳ ಬಗ್ಗೆ ಬರೆದದ್ದು. ಅವಳು ಕೇಳಲು ಒಲ್ಲದ್ದನ್ನು ಇದರಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಸುರುಳಣ್ಣನಿಗೆ ಈಗ ಬೆಳಿಗ್ಗೆ ಫೋನು ಮಾಡುವವಳು ನಾನು. ನನ್ನ ದನಿಗೆ ಅವರಿನ್ನೂ ಒಗ್ಗಿಕೊಂಡಿಲ್ಲ.

ಆ ಮಂಗಳವಾರ ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. ಹಾಲು ಕಾಯಿಸುತ್ತಿದ್ದೆ, ಒಲೆ ಆರಿಸಿ ಎತ್ತಿಕೊಂಡೆ. ಅವಳ ದನಿ ತೆಳ್ಳಗಿತ್ತು. ಎದ್ದಿದ್ದೀಯಾ, ಇರು, ಇಡಬೇಡ ಅಂದಳು. ಆ ಕಡೆ ಇನ್ನೊಂದು ಫೋನು ಬಡಿದುಕೊಳ್ಳುವುದು ಕೇಳಿಸಿತು, ಯಾರೋ ಎತ್ತಿದರು.

“ಲೈನ್ ಹೇಗಿದೆ ಅಣ್ಣ?”

“ಸರಿಯಾಗಿದೆ, ತಂಗಿ.”

“ನಿನ್ನ ಕಡೆ?” ಎಂದು ನನ್ನನ್ನು ಕೇಳಿದಳು.

ಸರಿಯಾಗಿದೆ ಎಂದೆ.

“ಮಾತಾಡಿ” ಅಂದಳು. ಬಟ್ಟೆ ಸರಿದ ಸದ್ದಾಯಿತು. ಫೋನಿನ ಮೇಲೆ ದಿಂಬು ಇಟ್ಟಳು.